ಕುಬ್ಜಾಮ್ರ ಮೀಮಾಂಸೆ

ಬೆಂಗಳೂರಿನ ತಾರಸಿಗಳಲ್ಲಿ ಡ್ರಮ್ಮಿನೊಳಗೆ ನಿಂತಿರುವ ಕುಳ್ಳು ಮಾವಿನ ಬಗ್ಗೆ ಬಂದ ಬರಹವೆಲ್ಲ ಗೊಬ್ಬರ, ನೀರು, ಬಿಸಿಲು ಎಂಬ ಲೌಕಿಕ ವಿಷಯಗಳಲ್ಲೇ ಮುಗಿದುಹೋಗುತ್ತದೆ. ಗಿಡದ ತಾತ್ವಿಕ ಸ್ಥಾನಮಾನವನ್ನು ನಿರ್ಧರಿಸುವ ಗುರುತರ ಹೊಣೆ, ಬೇರೆ ಯಾರೂ ಮುಂದೆ ಬಾರದ ಕಾರಣ, ಪ್ರಸ್ತುತ ಪ್ರಬಂಧಕಾರನ ಮೇಲೆ ಬಿದ್ದಿದೆ.

ಮೊದಲು ವಂಶಾವಳಿ. ಉತ್ತರದ ದಶೇರಿಗೂ ದಕ್ಷಿಣದ ನೀಲಂಗೂ ಸಂಬಂಧ ಕುದುರಿಸಿ, ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ 1970ರ ದಶಕದಲ್ಲಿ ಆಮ್ರಪಾಲಿ ಎಂಬ ಈ ಕುಳ್ಳು ತಳಿಯನ್ನು ಲೋಕಕ್ಕೆ ಕೊಟ್ಟಿತು. ದಶೇರಿಯದು ವರ್ಷ ಬಿಟ್ಟು ವರ್ಷ ಕಾಯುವ ಮನೆತನ. ವರ್ಷವರ್ಷವೂ ಕಾಯುವ ಗುಣ ಮಗಳಿಗೆ ನೀಲಂ ಕಡೆಯಿಂದ ಬಂತು. ಸಾಮಾನ್ಯ ಮಾವಿಗೆ 10 ಮೀಟರ್ ಅಂತರ ಬೇಕಾದರೆ ಈಕೆಗೆ ಎರಡೂವರೆ ಸಾಕು. ಅಂದರೆ ಹೆಕ್ಟೇರಿಗೆ 100ರ ಬದಲು 1600 ಗಿಡ. ತಾರಸಿಯಲ್ಲಿ ಹೆಕ್ಟೇರು ಸಿಗದ ಕಾರಣ ಈ ಅಂಕಿಯನ್ನು ಕಾಫಿಗೆ ಬಂದವರ ಮುಂದೆ ಮಾತ್ರ ಪ್ರಯೋಗಿಸತಕ್ಕದ್ದು.

ಇನ್ನು ಮುಖ್ಯ ಪ್ರಶ್ನೆ: ಕಸಿ ಗಿಡ ಒಂದೋ, ಎರಡೋ? ನೆಲದಿಂದ ಗೇಣೆತ್ತರದಲ್ಲಿ ಒಂದು ಗಂಟಿದೆ. ಅದರ ಕೆಳಗೆ ವಾಟೆಯಿಂದ ಹುಟ್ಟಿದ ಯಾವುದೋ ನಾಟಿ ಮಾವು, ಮೇಲೆ ಆಮ್ರಪಾಲಿ. ಅದ್ವೈತಿಗಳ ಪ್ರಕಾರ ಎರಡರಲ್ಲೂ ಹರಿಯುವ ರಸ ಒಂದೇ, ಗಂಟು ಬರೀ ಮಾಯೆ. ಮೇಲಿನದು ಕೆಳಗಿನದನ್ನೇ ಶರೀರವಾಗಿ ಉಳ್ಳದ್ದೆಂದು ವಿಶಿಷ್ಟಾದ್ವೈತಿಗಳು ಸಮಾಧಾನ ಹೇಳುತ್ತಾರೆ. ದ್ವೈತಿಗಳು ವಾದಕ್ಕೇ ಇಳಿಯುವುದಿಲ್ಲ. ಮಳೆಗಾಲ ಬರಲಿ ಎಂದು ಕಾಯುತ್ತಾರೆ. ಆಗ ಗಂಟಿನ ಕೆಳಗಿನಿಂದ ಒಂದು ಕೊಬ್ಬಿದ ಚಿಗುರು ಚಿಮ್ಮುತ್ತದೆ. ಅದು ಅಪ್ಪಟ ನಾಟಿ. ಮೇಲಿನವಳ ನೀರು, ಗೊಬ್ಬರವನ್ನೆಲ್ಲ ತಾನೇ ನುಂಗಿ, ಬಿಟ್ಟರೆ ಅವಳನ್ನೇ ಒಣಗಿಸುತ್ತದೆ. ಭೇದವೇ ಸತ್ಯವೆಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ. ಈ ಮೊಕದ್ದಮೆಯ ಮಟ್ಟಿಗೆ ತೀರ್ಪು ಉಡುಪಿಯ ಕಡೆಗೆ.

ಕೆಳಮನೆಯವರು ಚಾರ್ವಾಕರು. ಅವರಿಗೆ ಪ್ರತ್ಯಕ್ಷವೊಂದೇ ಪ್ರಮಾಣ, ಮತ್ತು ಅವರ ಮಲಗುವ ಕೋಣೆಯ ಸೂರಿನಲ್ಲಿ ತೇವದ ಕಲೆ ಪ್ರತ್ಯಕ್ಷವಾಗಿಯೇ ಇದೆ. 200 ಲೀಟರಿನ ನೀಲಿ ಡ್ರಮ್ಮನ್ನು ಅರ್ಧಕ್ಕೆ ಕೊಯ್ದು ಕೆಮ್ಮಣ್ಣು ತುಂಬಿ ನೀರುಣಿಸಿದರೆ ಒಂದೊಂದೂ 150 ಕಿಲೋ ತೂಗುತ್ತದೆಂಬ ಅನುಮಾನ ಪ್ರಮಾಣ ಸದ್ಯಕ್ಕೆ ಅವರ ಗಮನಕ್ಕೆ ಬಂದಿಲ್ಲ. ತರುವುದೂ ಬೇಡ. ಮಣ್ಣಿಗೆ ತೆಂಗಿನ ನಾರಿನ ಪುಡಿ ಬೆರೆಸಿ ಹಗುರ ಮಾಡಿ, ಡ್ರಮ್ಮುಗಳನ್ನು ತೊಲೆಯ ನೇರಕ್ಕೆ ಇಟ್ಟು, ಅಡಿಗೆ ಇಟ್ಟಿಗೆ ಕೊಟ್ಟರೆ ಎರಡು ಮತಗಳಿಗೂ ಕ್ಷೇಮ.

ಪ್ರಬಂಧಕಾರನ ಸ್ವಂತ ಶೋಧವೂ ಒಂದಿದೆ: ಗಿಡದ ಎತ್ತರ ತಗ್ಗಿದಷ್ಟೂ ಒಡೆಯನ ಮಾತಿನ ಎತ್ತರ ಏರುತ್ತದೆ. ತೆಂಗಿನ ತೋಟದವರು ಎಷ್ಟು ಕಾಯಿ ಎಂದು ಕೇಳಿದರೂ ಹೇಳುವುದಿಲ್ಲ. ಡ್ರಮ್ಮಿನ ಮಾವಿನವರು ಕೇಳದಿದ್ದರೂ ಫೋಟೋ ತೋರಿಸುತ್ತಾರೆ. ನಾಲ್ಕಡಿಯ ಗಿಡ, ಮೂರು ಕಾಯಿ, ಹದಿನೇಳು ಫೋಟೋ. ಮೊದಲ ವರ್ಷದ ಹೂವನ್ನು ಚಿವುಟಿ ಹಾಕಬೇಕು, ಗಿಡ ಬಲಿಯಲಿ ಎಂದು ನರ್ಸರಿಯವರು ಹೇಳಿ ಕಳಿಸುತ್ತಾರೆ. ಶ್ರದ್ಧಾವಂತರು ತಲೆದೂಗುತ್ತಾರೆ, ಚಿವುಟುವುದಿಲ್ಲ. ಆ ಮೂರು ಕಾಯಲ್ಲಿ ಒಂದು ಉದುರಿ, ಒಂದು ಅಳಿಲಿನ ಪಾಲಾಗಿ, ಉಳಿದದ್ದೊಂದು ಬಂಧುಬಳಗಕ್ಕೆಲ್ಲ ಹೋಳಾಗುತ್ತದೆ.

ಆದ್ದರಿಂದ ಓದುಗರಲ್ಲಿ ಅರಿಕೆ: ನೀವು ಯಾವ ಮತದವರೇ ಆಗಿರಿ, ಗಂಟಿನ ಕೆಳಗೆ ಚಿಗುರು ಕಂಡರೆ ಆವತ್ತೇ ಚಿವುಟಿಬಿಡಿ.