ಅಲ್ಯೂಮಿನಿಯಂ ಅಳಿಯ, ಫೈಬರ್ ಮಾವ

ಮಿನ್ನೆಸೋಟಾದ ಕಾರುಗಳ ನಂಬರ್ ಪ್ಲೇಟಿನ ಮೇಲೆ ‘10,000 ಕೆರೆಗಳು’ ಎಂದು ಅಚ್ಚಾಗಿರುತ್ತದೆ. ಹತ್ತು ಎಕರೆಗಿಂತ ಸಣ್ಣವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಎಣಿಸಿದರೂ ಅವು 11,842. ಇಡೀ ಅಮೆರಿಕದಲ್ಲಿ ತಮ್ಮಲ್ಲಿರುವುದನ್ನು ಕಡಿಮೆ ಮಾಡಿ ಹೇಳಿಕೊಳ್ಳುವ ಜನ ಇವರೊಬ್ಬರೇ ಇರಬೇಕು. ಇಂಥ ಊರಲ್ಲಿ ದೋಣಿ ಇಲ್ಲದವನನ್ನು ಸೋಮವಾರ ಬೆಳಿಗ್ಗೆ ಆಫೀಸಿನವರು ಕನಿಕರದಿಂದ ನೋಡುತ್ತಾರೆ. ತಿರಸ್ಕಾರವನ್ನಾದರೂ ತಡೆದುಕೊಳ್ಳಬಹುದು.

ನಾವೂ ಒಂದು ತೆಗೆದುಕೊಳ್ಳೋಣ ಎಂದು ಬಾಯಿಬಿಟ್ಟದ್ದೇ ತಡ, ಎಲ್ಲರೂ ಕೇಳಿದ್ದು ಒಂದೇ ಮಾತು: ಅಲ್ಯೂಮಿನಿಯಮ್ಮೋ, ಫೈಬರ್‌ಗ್ಲಾಸೋ? ಇಲ್ಲಿ ಇದು ಮತಧರ್ಮದ ವಿಷಯ. ಪಕ್ಕದ ಮನೆಯ ಅಜ್ಜ ಕಟ್ಟಾ ಅಲ್ಯೂಮಿನಿಯಂ. ಮಹಾಯುದ್ಧ ಮುಗಿದ ಮೇಲೆ ವಿಮಾನಕ್ಕೆ ರಿವೆಟ್ ಹೊಡೆಯುತ್ತಿದ್ದ ಕೈಗಳು ದೋಣಿಗೆ ಹೊಡೆಯತೊಡಗಿದ್ದು, 1948ರಲ್ಲಿ ನ್ಯೂಯಾರ್ಕ್ ಮಿಲ್ಸ್ ಎಂಬ ಇಲ್ಲಿನದೇ ಪುಟ್ಟ ಊರಲ್ಲಿ ಹೊವಾರ್ಡ್ ಲುಂಡ್ ಕಾರ್ಖಾನೆ ಹಾಕಿದ್ದು, ಎಲ್ಲವನ್ನೂ ಅವರು ಭಕ್ತಿಯಿಂದ ಹೇಳುತ್ತಾರೆ. ನಮ್ಮ ಮ್ಯಾನೇಜರ್ ಫೈಬರ್ ಪಕ್ಷ. 1961ರಲ್ಲಿ ಲೈಫ್ ಪತ್ರಿಕೆಯಲ್ಲಿ ಬಂದ ಚಿತ್ರವನ್ನು ಅವನು ಎಲ್ಲರಿಗೂ ತೋರಿಸುತ್ತಾನೆ. ಬಾಸ್ಟನ್ ವೇಲರ್ ಕಂಪನಿಯ ಡಿಕ್ ಫಿಷರ್ ಸೂಟು ಹಾಕಿಕೊಂಡು ದೋಣಿಯಲ್ಲಿ ಕೂತಿದ್ದಾನೆ, ಅದನ್ನು ಗರಗಸದಿಂದ ನಡುವೆ ಕೊಯ್ಯುತ್ತಿದ್ದಾರೆ. ಎರಡು ತುಂಡಾದ ಮೇಲೂ ಅವನು ಮೋಟಾರು ಇರುವ ಅರ್ಧದಲ್ಲಿ ಕೂತು ಆರಾಮಾಗಿ ಹೊರಟುಹೋಗುತ್ತಾನೆ. ಚಿತ್ರ ನೋಡಿದ ನನ್ನ ಹೆಂಡತಿ, “ಉಳಿದರ್ಧದಲ್ಲಿ ಮಕ್ಕಳಿದ್ದಿದ್ದರೆ?” ಅಂದಳು. ಮ್ಯಾನೇಜರ್ ಈವರೆಗೂ ಉತ್ತರ ಕೊಟ್ಟಿಲ್ಲ.

ಅಷ್ಟರಲ್ಲಿ ಗಂಗೊಳ್ಳಿಯಿಂದ ಮಾವ ಬಂದರು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲವಾದ್ದರಿಂದ ಅವರು ಮಗಳ ಮನೆಗೆ ಬರುವುದು ಆಗಲೇ. ಮರದ ದೋಣಿಗೆ ಮೀನೆಣ್ಣೆ ಬಳಿದು ಬೆಳೆದವರು, ನಡುವಯಸ್ಸಿನಲ್ಲಿ ಫೈಬರಿಗೆ ಬದಲಾದವರು. ಅಲ್ಯೂಮಿನಿಯಮ್ಮಿನಲ್ಲೂ ದೋಣಿ ಮಾಡುತ್ತಾರೆ ಎಂಬುದನ್ನು ನಂಬಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು. “ಉಪ್ಪ್‌ನೀರಗೆ ಇದ್ ಎಷ್ಟ್ ದಿನ ಬತ್ತ್?” ಎಂದರು. ಇದು ಸಿಹಿನೀರು ಮಾವ ಅಂದೆ. ನಂಬಲಿಲ್ಲ. ಕೆರೆಯ ಬದಿಗೆ ಹೋಗಿ, ಬಗ್ಗಿ, ಬೆರಳದ್ದಿ ನಾಲಿಗೆಗೆ ಇಟ್ಟು ನೋಡಿದರು. ಆಮೇಲೆ, “ಇದಕ್ಕೆ ಎಂತ ಬೋಟಾರೂ ಆತ್ತ್” ಎಂದು ಮಿನ್ನೆಸೋಟಾದ ಅಷ್ಟೂ ಕೆರೆಗಳನ್ನು ಒಂದೇ ಮಾತಿನಲ್ಲಿ ವಜಾ ಮಾಡಿದರು.

ಸೆಕೆಂಡ್ ಹ್ಯಾಂಡ್ ದೋಣಿಗಳ ಅಂಗಳದಲ್ಲಿ ಮಾತ್ರ ಮಾವನೇ ರಾಜ. ಮಾರುವವನು ಮೆತ್ತನೆಯ ಸೀಟು, ಲೋಟ ಇಡುವ ಗೂಡು, ಮೀನು ತೋರಿಸುವ ಟಿವಿ ಎಂದು ಒಂದೊಂದಾಗಿ ತೋರಿಸುತ್ತಿದ್ದರೆ ಮಾವ ಸೀದಾ ಹಿಂಬದಿಗೆ ಹೋದರು. ಮೋಟಾರು ಕೂರಿಸುವ ಹಲಗೆಯನ್ನು ಬೆರಳ ಗೆಣ್ಣಿನಿಂದ, ಹಲಸಿನಹಣ್ಣು ತಟ್ಟಿ ನೋಡುವ ಹಾಗೆ ಎಡದಿಂದ ಬಲಕ್ಕೆ ತಟ್ಟುತ್ತ ಬಂದರು. ಟಕ್, ಟಕ್, ಟಕ್, ಡಬ್. ಅಲ್ಲಿಗೇ ನಿಂತರು. ಹಳೆಯ ಫೈಬರ್ ದೋಣಿಗಳಲ್ಲಿ ಮೇಲಿನ ಹೊಳಪಿನ ಪದರದ ಒಳಗೆ ಪ್ಲೈವುಡ್ ಇರುತ್ತದೆ. ಎಲ್ಲೋ ಒಂದು ಸ್ಕ್ರೂ ತೂತಿನಿಂದ ನೀರು ಇಳಿದರೆ ಸಾಕು, ಮರ ಒಳಗೊಳಗೇ ಕುಂಬಾಗಿ ಹೋಗುತ್ತದೆ. ಹೊರಗೆ ಮಾತ್ರ ಮದುವಣಗಿತ್ತಿಯ ಕಳೆ. ಮಾರುವವನಿಗೆ ಕನ್ನಡ ಬರುವುದಿಲ್ಲ, ಆದರೆ ಆ ‘ಡಬ್’ ಅವನಿಗೂ ಅರ್ಥವಾಯಿತು. ಕೇಳದೆಯೇ ಐನೂರು ಡಾಲರ್ ಇಳಿಸಿದ.

ಆದರೂ ಮಾವ ಫೈಬರ್ ಬಿಟ್ಟುಕೊಡಲಿಲ್ಲ. “ಇದ್ ಒಡ್ದ್ರೆ ಮನ್ಯಗೇ ಸಮಾ ಮಾಡ್ಲಕ್ ಕಾಣಿ” ಎಂದರು. ರೆಸಿನ್, ಮ್ಯಾಟ್, ಹಾರ್ಡನರ್ ಮೂರಿದ್ದರೆ ಅಂಗಳದಲ್ಲೇ ತೇಪೆ ಹಾಕುವ ಕೈ ಅವರದು. ಅಲ್ಯೂಮಿನಿಯಂ ಕಲ್ಲಿಗೆ ಬಡಿದರೆ ಒಡೆಯುವ ಬದಲು ತಗ್ಗು ಬೀಳುತ್ತದೆ, ಆ ತಗ್ಗಿನ ಸಮೇತ ವರ್ಷಗಟ್ಟಲೆ ಓಡುತ್ತದೆ ಎಂದು ನಾನು ವಾದಿಸಿದೆ. ಹತ್ತಾರು ವರ್ಷಕ್ಕೆ ರಿವೆಟ್ ಸಡಿಲವಾಗಿ ನೀರು ಜಿನುಗುವ ವಿಷಯವನ್ನು ನಾನು ಎತ್ತಲಿಲ್ಲ. ವಕೀಲರು ಎದುರು ಪಕ್ಷದ ಸಾಕ್ಷಿಯನ್ನು ತಾವೇ ಕರೆಯುವುದುಂಟೇ?

ಫೈಬರಿನ ನಿಜವಾದ ಬಲ ಗೊತ್ತಾದದ್ದು ಮಿಲ್ ಲ್ಯಾಕ್ಸ್ ಕೆರೆಯಲ್ಲಿ. ಸುಮಾರು 1,32,000 ಎಕರೆಯ ಕೆರೆ, ಆಳ ಎಲ್ಲೂ 45 ಅಡಿ ಮುಟ್ಟುವುದಿಲ್ಲ. ಹರವು ಜಾಸ್ತಿ, ಆಳ ಕಡಿಮೆ ಆದ್ದರಿಂದ ಗಾಳಿ ಎದ್ದರೆ ಒತ್ತೊತ್ತಾಗಿ ಚೂಪು ಅಲೆಗಳು ಏಳುತ್ತವೆ. ಪಕ್ಕದ ಮನೆಯ ಅಜ್ಜ ನಮ್ಮೆಲ್ಲರನ್ನೂ ತಮ್ಮ ಅಲ್ಯೂಮಿನಿಯಂ ದೋಣಿಯಲ್ಲಿ ಕರೆದೊಯ್ದಿದ್ದರು. ತಗಡನ್ನು ಒಂದು ದಿಕ್ಕಿಗೆ ಬಗ್ಗಿಸುವುದು ಸುಲಭ, ಎರಡು ದಿಕ್ಕಿಗೆ ಒಟ್ಟಿಗೆ ಬಗ್ಗಿಸುವುದು ಕಷ್ಟ. ಹಾಗಾಗಿ ಇವುಗಳ ಹೊಟ್ಟೆ ಸಾಮಾನ್ಯವಾಗಿ ಚಪ್ಪಟೆ. ಮೇಲಾಗಿ ಹಗುರ. ಪ್ರತಿ ಅಲೆಗೂ ಎದ್ದು ಬೀಳುತ್ತದೆ, ಬಿದ್ದಾಗಲೆಲ್ಲ ಬೆನ್ನುಮೂಳೆ ತನ್ನ ಮಣಿಗಳನ್ನು ತಾನೇ ಎಣಿಸಿಕೊಳ್ಳುತ್ತದೆ. ಅಚ್ಚಿನಲ್ಲಿ ಎರೆದ ಫೈಬರಿಗೆ ಯಾವ ಬಳುಕಾದರೂ ಕೊಡಬಹುದು, ತೂಕವೂ ಇರುವುದರಿಂದ ಅದು ಅಲೆಯನ್ನು ಸೀಳಿಕೊಂಡು ಹೋಗುತ್ತದೆ. ನಡುನೀರಿನಲ್ಲಿ ಮಗಳ ಸ್ಟೀಲ್ ಡಬ್ಬಿ ಕೈಜಾರಿ ತಳಕ್ಕೆ ಬಿತ್ತು. ಆ ಸದ್ದಿಗೆ ಅಜ್ಜ ಟೋಪಿ ತೆಗೆದು ತಲೆ ಕೆರೆದುಕೊಂಡರು. ಮಾವ ನನ್ನ ಕಿವಿಯಲ್ಲಿ, “ಇದ್ರಗೆ ಕೂಕಂಡ್ ಕೆಮ್ಮಿರೂ ಮೀನ್ ಓಡಿ ಹೋತ್ತ್” ಅಂದರು. ಕೊನೆಗೆ ಸಿಕ್ಕಿದ್ದು ಎರಡು ವಾಲೈ. ರಾಜ್ಯದ ಅಧಿಕೃತ ಮೀನಂತೆ. ಸಾರು ಮಾಡಿದಾಗ ಮಾವ ಅದಕ್ಕೆ ಕೊಟ್ಟ ಅಂಕ ಇಲ್ಲಿ ಬೇಡ, ಸರ್ಕಾರದ ಮರ್ಯಾದೆಯ ಪ್ರಶ್ನೆ.

ಮನೆಯವರ ಬೇಡಿಕೆಗಳೇ ಬೇರೆ. ಹತ್ತು ವರ್ಷದೊಳಗಿನ ಮಕ್ಕಳಿಗೆ ಲೈಫ್ ಜಾಕೆಟ್ ಇಲ್ಲಿ ಕಾನೂನು. ಮಕ್ಕಳ ಕಾನೂನು ಏನೆಂದರೆ ದೋಣಿಯ ಹಿಂದೆ ಗಾಳಿ ತುಂಬಿದ ಟ್ಯೂಬು ಕಟ್ಟಿ ಎಳೆಯಬೇಕು. ಹೆಂಡತಿಗೆ ಪಾಂಟೂನ್ ಇಷ್ಟ. 1952ರಲ್ಲಿ ಇದೇ ರಾಜ್ಯದ ಆಂಬ್ರೋಸ್ ವೀರೆಸ್ ಎಂಬ ರೈತ ಮಾಡಿ ತೇಲಿಸಿದ್ದು: ಕೆಳಗೆ ಲೋಹದ ಉದ್ದ ಪೀಪಾಯಿಗಳು, ಮೇಲೆ ಹಲಗೆ, ಈಗೀಗ ಅದರ ಮೇಲೆ ಸೋಫಾ. ಮೀನು ಹಿಡಿಯುವವನ ಮಾನ ಹೋಗುತ್ತದೆ ಎಂದು ನಾನು ಬೇಡವೆಂದೆ. ನನಗೆ ಮೀನು ಹಿಡಿಯುವವನ ಮಾನ ಯಾವಾಗ ಬಂತು ಎಂದು ಅವಳು ಕೇಳಿದಳು.

ಈ ಎಲ್ಲ ವಾದವೂ ದೋಣಿ ನೀರಿನಲ್ಲಿರುವಾಗ ಹೇಗಿರುತ್ತದೆ ಎಂಬುದರ ಮೇಲೆ ನಡೆದಿತ್ತು. ಕೆರೆಗಳು ಚಳಿಗಾಲದಲ್ಲಿ ಕಲ್ಲಾಗುತ್ತವೆ, ಅದರ ಮೇಲೆ ಲಾರಿ ಓಡಿಸುತ್ತಾರೆ ಎಂದು ಕೇಳಿದ ಮಾವನೇ ಸರಿಯಾದ ಪ್ರಶ್ನೆ ಹಾಕಿದರು: “ಹಂಗಾರೆ ಬಾಕಿ ತಿಂಗ್ಳ್ ಬೋಟ್ ಎಲ್ಲಿರತ್ತ್?” ಆಗ ಎಲ್ಲರೂ ಗ್ಯಾರೇಜಿನ ಕಡೆ ನೋಡಿದೆವು. ಇಲ್ಲಿನ ದೋಣಿಗೆ ನೀರು ನೆಂಟರ ಮನೆ, ಟ್ರೇಲರೇ ಸ್ವಂತ ಮನೆ. ನಮ್ಮ ವ್ಯಾನು ಎಳೆಯಬಲ್ಲ ಭಾರ 3,500 ಪೌಂಡು. ಮೋಟಾರು, ಪೆಟ್ರೋಲು, ಟ್ರೇಲರು ಎಲ್ಲ ಸೇರಿಸಿದರೆ ನಾವು ನೋಡಿದ್ದ 18 ಅಡಿಯ ಫೈಬರ್ ದೋಣಿ ಅದನ್ನು ದಾಟುತ್ತಿತ್ತು. ಕೆರೆಯಿಂದ ಎಳೆದು ತರುವಾಗ ಅಡಿಯ ಬಿರಡೆ ಕಿತ್ತಿರಬೇಕು, ಒಂದು ಕೆರೆಯ ಝೀಬ್ರಾ ಮಸಲ್ ಎಂಬ ಚಿಪ್ಪಿನ ಹುಳ ಇನ್ನೊಂದಕ್ಕೆ ಹೋಗಬಾರದು ಎಂಬ ನಿಯಮವನ್ನೂ ಮಾವನಿಗೆ ಹೇಳಿದೆ. ದೋಣಿಗೆ ತೂತು ಇರಲೇಬೇಕು ಎನ್ನುವ ಸರ್ಕಾರವನ್ನು ಅವರು ಕಂಡದ್ದು ಅದೇ ಮೊದಲು. ಊರಿಗೆ ಫೋನ್ ಮಾಡಿ ಎಲ್ಲರಿಗೂ ಹೇಳಿದರು.

ಕೊನೆಗೆ ಹೆಂಡತಿ ಟೇಪು ತಂದಳು. ಗ್ಯಾರೇಜು ಒಳಗೆ 20 ಅಡಿ. ಫೈಬರ್ ದೋಣಿ ಟ್ರೇಲರಿನ ಮೂತಿ ಸೇರಿ 22ರ ಮೇಲೆ. ಮೂತಿ ಮಡಚುವ ಟ್ರೇಲರಿನ ಮೇಲಿದ್ದ 16 ಅಡಿಯ ಅಲ್ಯೂಮಿನಿಯಂ, ಗೋಡೆಗೆ ಒಂದು ಗೇಣು ಬಿಟ್ಟು ಕೂರುತ್ತಿತ್ತು. ಇದು ನನ್ನ ವಾದದ ಗೆಲುವು ಎಂದು ನಾನು ಘೋಷಿಸಿದೆ. ಮಾವ ಒಪ್ಪಲಿಲ್ಲ, ಗ್ಯಾರೇಜು ಗೆದ್ದದ್ದು ಎಂದರು. ಎರಡು ಕಾರು ನಿಲ್ಲುವ ಗ್ಯಾರೇಜಿನಲ್ಲಿ ಒಂದು ಕಡೆ ದೋಣಿ ಬಂದರೆ, ಹಿಮ ಬೀಳುವಾಗ ಮಗಳ ಕಾರು ಎಲ್ಲಿ ನಿಲ್ಲುತ್ತದೆ ಎಂದು ಅವರಿಗೆ ಚಿಂತೆ.

“ನನ್ ಕಾರ್ ಒಳಗೇ ಅಪ್ಪಯ್ಯ,” ಎಂದಳು ಅವಳು ಟೇಪು ಸುತ್ತುತ್ತ. “ಹೊರ್ಗೆ ನಿಲ್ಲುದ್ ಇವರದ್ದ್.”