ಹದಿನೈದು ಸೆಕೆಂಡಿನ ಗಡುವು

1998ರಲ್ಲಿ ಸೈಬರ್ ಟವರ್ಸ್ ಉದ್ಘಾಟನೆಯಾದಂದಿನಿಂದ ಹೈದರಾಬಾದಿನ ಮಾದಾಪುರವು ದೇಶವಿದೇಶಗಳ ಕಂಪ್ಯೂಟರುಗಳ ಕಾಯಿಲೆ ಕಸಾಲೆಗಳನ್ನು ಹಗಲಿರುಳೆನ್ನದೆ ವಿಚಾರಿಸಿಕೊಳ್ಳುವ ಬಡಾವಣೆಯಾಗಿ ಬೆಳೆದಿದೆಯಾದರೂ, ಅಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ ಮನೆಯ ಕಂಪ್ಯೂಟರಿನ ಪರದೆ ಮಂಜಾದರೆ ನೋಡಬೇಕಾದವರು ಯಾರು ಎಂಬ ಪ್ರಶ್ನೆ ಇಂದಿಗೂ ಇತ್ಯರ್ಥವಾಗಿಲ್ಲ. ಸಮುದ್ರದಾಚೆಯ ಬ್ಯಾಂಕಿನ ಸರ್ವರನ್ನು ಅಂಗೈಯಲ್ಲಿಟ್ಟು ಸಾಕುವ ಮಗನು, ಮನೆಯ ಪರದೆಯ ಮಾತು ಬಂದೊಡನೆ, ತಾನು ಸಾಫ್ಟ್‌ವೇರಿನವನೆಂದೂ ಇದು ಹಾರ್ಡ್‌ವೇರಿಗೆ ಸೇರಿದ್ದೆಂದೂ ಶಾಸ್ತ್ರಭೇದವನ್ನು ಎತ್ತಿ ಊಟಕ್ಕೆ ಏಳುತ್ತಾನೆ.

ಕಲಬುರಗಿ, ಬೀದರ, ರಾಯಚೂರುಗಳಿಂದ ಬಂದು ನೆಲೆಸಿದ ಕನ್ನಡ ಮನೆಗಳಲ್ಲಿ ಹಿರಿಯರೇ ದುರಸ್ತಿಗೆ ಇಳಿಯುವುದರಿಂದ ಈ ಪ್ರಶ್ನೆ ಇನ್ನಷ್ಟು ತೊಡಕಿನದು. 1956ರವರೆಗೆ ಹೈದರಾಬಾದೇ ತಮ್ಮ ಭಾಗದ ರಾಜಧಾನಿಯಾಗಿತ್ತೆಂಬುದನ್ನು ಮರೆಯದ ಹಿರಿಯರು, ಊರಿನ ಪತ್ರಿಕೆಯನ್ನು ಪರದೆಯ ಮೇಲೆ ಓದಲು ಕುಳಿತಾಗ ಅಕ್ಷರಗಳು ಇರುವೆಗಳಂತೆ ಕಂಡರೆ, ರೆಸಲ್ಯೂಷನ್ ಎಂಬುದನ್ನು ಇಳಿಸುತ್ತಾರೆ. ರೆಸಲ್ಯೂಷನ್ ಎಂದರೆ ಚಿತ್ರವನ್ನು ಎಷ್ಟು ಚುಕ್ಕಿಗಳಲ್ಲಿ ಮೂಡಿಸಬೇಕೆಂಬ ಲೆಕ್ಕ. ರಂಗೋಲಿ ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳಿರುವ ಪರದೆಯಲ್ಲಿ ಒಟ್ಟು 20,73,600 ಚುಕ್ಕಿಗಳು ಕಾರ್ಖಾನೆಯಲ್ಲೇ ಅಚ್ಚಾಗಿ ಕುಳಿತಿರುತ್ತವೆ. ಅದಕ್ಕೆ 1280ಕ್ಕೆ 720ರ ಚಿತ್ರವನ್ನು ಒಪ್ಪಿಸಿದರೆ ಒಂದೊಂದು ಚುಕ್ಕಿಯ ಪಾಲಿಗೂ ಒಂದೂವರೆ ಚುಕ್ಕಿಯಷ್ಟು ಅಗಲ ಬರುತ್ತದೆ. ಅರ್ಧ ಚುಕ್ಕಿಯೆಂಬುದು ಸೃಷ್ಟಿಯಲ್ಲಿಲ್ಲದ ಕಾರಣ ಪರದೆಯು ಬಣ್ಣಗಳನ್ನು ಅಕ್ಕಪಕ್ಕದವರಿಗೆ ಹಂಚಿ ಹೇಗೋ ಸರಿದೂಗಿಸುತ್ತದೆ. ಅಕ್ಷರ ದೊಡ್ಡದಾಗುತ್ತದೆ, ಆದರೆ ಮಳೆಯಲ್ಲಿ ನೆನೆದಂತಿರುತ್ತದೆ. ರೆಸಲ್ಯೂಷನ್ ಮುಟ್ಟದೆ ಸ್ಕೇಲ್ ಎಂಬುದನ್ನು, ಎಂದರೆ ಚುಕ್ಕಿಗಳ ಲೆಕ್ಕವನ್ನು ಹಾಗೇ ಉಳಿಸಿ ಅಕ್ಷರಗಳನ್ನು ಹಿಗ್ಗಿಸುವ ಅಳತೆಯನ್ನು, 150 ಪ್ರತಿಶತಕ್ಕೆ ಏರಿಸುವುದೇ ಸರಿಯಾದ ಮದ್ದು.

ಮದ್ದು ಬಿಟ್ಟು ರೆಸಲ್ಯೂಷನ್ನನ್ನೇ ಬದಲಿಸಿದೊಡನೆ ವಿಂಡೋಸ್ ಈ ಬದಲಾವಣೆ ಇರಲಿಯೇ ಎಂಬ ಪ್ರಶ್ನೆ ಕೇಳಿ, 15 ಸೆಕೆಂಡಿನೊಳಗೆ ಒಪ್ಪಿಗೆ ಬಾರದಿದ್ದರೆ ಹಳೆಯ ಸ್ಥಿತಿಗೇ ಮರಳುತ್ತದೆ. ಆಯ್ಕೆಯನ್ನು ತಾಳಲಾರದೆ ಪರದೆ ಕಪ್ಪಾಗಿಬಿಟ್ಟರೆ ತಿದ್ದುವ ಗುಂಡಿಯೂ ಕಾಣದೆಂಬ ದೂರದೃಷ್ಟಿಯಿಂದ ಮಾಡಿದ ಏರ್ಪಾಡಿದು. ಏರ್ಪಾಡು ಮಾಡಿದವರಿಗೆ ಎಪ್ಪತ್ತು ದಾಟಿದ ಕಣ್ಣುಗಳ ಅನುಭವವಿದ್ದಂತೆ ತೋರುವುದಿಲ್ಲ. ಹಿರಿಯರು ಕನ್ನಡಕಕ್ಕಾಗಿ ಮೇಜು ತಡಕಿ, ಅದು ಹಣೆಯ ಮೇಲೇ ಇದೆಯೆಂದು ಕಂಡುಕೊಂಡು, ಪ್ರಶ್ನೆಯನ್ನು ಮೊದಲಿನಿಂದ ಓದತೊಡಗುವಷ್ಟರಲ್ಲಿ ಗಡುವು ಮುಗಿದು ಇರುವೆಗಳು ಸಾಲಿಗೆ ಮರಳಿರುತ್ತವೆ. ಐದಾರು ಬಾರಿ ಹೀಗಾದ ಮೇಲೆ ಯಂತ್ರವು ಮಗನಂತೆಯೇ ಹಟಮಾರಿ ಎಂಬ ತೀರ್ಪು ಹೊರಬೀಳುತ್ತದೆ.

ಸ್ಕೇಲ್ ಏರಿಸಿದ ಮೇಲೂ ಕನ್ನಡ ಲಿಪಿಯ ಸಂಕಟವೊಂದು ಉಳಿಯುತ್ತದೆ. ಇಂಗ್ಲಿಷಿನ ಸಾಲಿನ ಎತ್ತರವನ್ನೇ ಲೆಕ್ಕಕ್ಕೆ ಹಿಡಿದ ಕೆಲವು ಪ್ರೋಗ್ರಾಮುಗಳಲ್ಲಿ, ಅಕ್ಷರದ ಕೆಳಗೆ ಜೋತು ಬೀಳುವ ಒತ್ತಕ್ಷರಗಳಿಗೆ ಜಾಗವಿರದೆ ಅವು ಕತ್ತರಿಸಿಹೋಗುತ್ತವೆ. ‘ಲಗ್ನಪತ್ರಿಕೆ’ ಎಂಬ ಫೈಲು ‘ಲಗಪತಿಕೆ’ಯಾಗಿ, ‘ಅಮ್ಮ’ ಎಂಬ ಫೋಲ್ಡರು ‘ಅಮ’ ಆಗಿ ಅವುಗಳ ಪಟ್ಟಿಯಲ್ಲಿ ನಿಲ್ಲುತ್ತವೆ.

ಪರದೆಗೆ ಚಿತ್ರ ರಚಿಸಿಕೊಡುವ ಗ್ರಾಫಿಕ್ಸ್ ಕಾರ್ಡಿನ ಪ್ರಕರಣ ಇದಕ್ಕಿಂತ ದೀರ್ಘ. ಮೊಮ್ಮಗನ ಆಟಕ್ಕೆಂದು ಸಿಕಂದರಾಬಾದಿನ ಸಿಟಿಸಿ ಮಾರುಕಟ್ಟೆಯಿಂದ ತಂದ ಕಾರ್ಡನ್ನು ಕಂಪ್ಯೂಟರಿನ ಡಬ್ಬಿಯೊಳಗೆ ಕೂರಿಸಿದರೂ ಆಟವು ಎತ್ತಿನ ಗಾಡಿಯಂತೆ ಚಲಿಸಿದರೆ, ಅಲ್ಲಿಯವರೆಗೆ ಹಾರ್ಡ್‌ವೇರಿನ ಗೊಡವೆ ಬೇಡವೆಂದಿದ್ದ ಮಗನು ಮಾನಾಪಮಾನದ ವಿಷಯವೆಂದು ಎದ್ದು ಕುಳಿತು, ಡ್ರೈವರನ್ನು, ಎಂದರೆ ಕಾರ್ಡಿಗೂ ವಿಂಡೋಸಿಗೂ ನಡುವೆ ದುಭಾಷಿಯಾಗಿರುವ ಪ್ರೋಗ್ರಾಮನ್ನು, ತೆಗೆದು ಹಾಕಿ, ಮತ್ತೆ ಹಾಕಿ, ಸೇಫ್ ಮೋಡಿಗೆ ಹೋಗಿ ಬಂದು, ರಾತ್ರಿ ಹನ್ನೊಂದರವರೆಗೆ ರೀಸ್ಟಾರ್ಟುಗಳಲ್ಲಿ ಮುಳುಗಿರುತ್ತಾನೆ. ಕೊನೆಗೆ ಹಿರಿಯರೇ ಕಲಬುರಗಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಅಣ್ಣನ ಮಗನಿಗೆ ಫೋನು ಹಚ್ಚುತ್ತಾರೆ. ‘ಕಾಕಾ, ಹಿಂದ ಸ್ಕ್ರೀನಿನ ವೈರ್ ಎಲ್ಲಿ ಹಾಕೀರಿ, ಮದರ್‌ಬೋರ್ಡಿಗೋ ಕಾರ್ಡಿಗೋ, ಮೊದಲ ಅದನ್ನ ನೋಡ್ರಿ’ ಎಂದು ಅವನು ಅರ್ಧ ನಿಮಿಷದಲ್ಲಿ ಹೇಳಿ ಮುಗಿಸುತ್ತಾನೆ. ಎಚ್‌ಡಿಎಂಐ ವೈರು ಹಳೆಯ ಅಭ್ಯಾಸದಂತೆ ಮದರ್‌ಬೋರ್ಡಿಗೇ ಸಿಕ್ಕಿಕೊಂಡಿರುತ್ತದೆ. ಪ್ರೊಸೆಸರಿನೊಳಗಿನ ಪುಟ್ಟ ಗ್ರಾಫಿಕ್ಸೇ ಎಲ್ಲ ಭಾರ ಹೊತ್ತಿರುವಾಗ, ದುಬಾರಿ ಕಾರ್ಡು ಮದುವೆಗೆ ಬಂದ ಭಾವನಂತೆ ಫ್ಯಾನಿನ ಗಾಳಿ ಸೇವಿಸುತ್ತ ಕುಳಿತಿರುತ್ತದೆ.

ವೈರನ್ನು ಬದಲಿಸಿದೊಡನೆ ಆಟ ಓಡತೊಡಗುತ್ತದೆ. ಆದರೆ ಹೊಸ ಕಾರ್ಡಿನ ಪಾಲಿಗೆ ಪರದೆಯೂ ಹೊಸದಾಗಿರಬಹುದಾದ್ದರಿಂದ ಸ್ಕೇಲ್ 100ಕ್ಕೆ ಮರಳಿ, ಊರಿನ ಪತ್ರಿಕೆಯ ಅಕ್ಷರಗಳು ಮತ್ತೆ ಇರುವೆಗಳಾಗುತ್ತವೆ. ಹಿರಿಯರು ಯಾರನ್ನೂ ಕೂಗದೆ, ಈ ಸಲ ಮೊದಲೇ ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿಕೊಂಡು, ಸೆಟ್ಟಿಂಗ್ಸ್ ತೆರೆಯುತ್ತಾರೆ.