ಗೋಕುನ ಜುಟ್ಟಿಗೆ ಕತ್ತರಿ ಹಾಕಿದವರ್ಯಾರು?

"ಲೇ ತಮ್ಮಾ, ಇದು ಮಂಗ್ಯಾನ ಕಥಿನೋ, ಮನಶ್ಯಾನ ಕಥಿನೋ?"

ಗಂಗಾವತಿಯ ನಮ್ಮ ಓಣಿಯಲ್ಲಿ ಕಂಪೌಂಡ್ ಗೋಡೆ ಮೊಣಕೈ ಊರಲಿಕ್ಕೆಂದೇ ಕಟ್ಟಿದ್ದು. ಅತ್ತ ಪಕ್ಕದ ಮನೆ ಕಾಕಾ, ಇತ್ತ ನಾನು. ಅಮೆರಿಕದಿಂದ ರಜೆಗೆ ಬಂದಿರುವ ಅವರ ಮೊಮ್ಮಗ 'ಡ್ರ್ಯಾಗನ್ ಬಾಲ್ ಝಡ್' ಡಿವಿಡಿಗಳ ಗಂಟನ್ನೇ ಹೊತ್ತು ತಂದಿದ್ದಾನೆ. ಮನೆಯ ಪ್ಲೇಯರ್ ಒಲ್ಲೆ ಅಂತ ಹಟ ಹಿಡಿಯಿತು. ಅಮೆರಿಕದ ಡಿಸ್ಕಿಗೆ ರೀಜನ್ 1ರ ಬೀಗ, ನಮ್ಮ ದೇಶದ್ದು 5. ಹುಡುಗ ತನ್ನ ಲ್ಯಾಪ್‌ಟಾಪ್‌ನಿಂದ ಟಿವಿಗೆ ವೈರ್ ಎಳೆದ. ಮುಂಜಾನೆಯಿಂದ ಒಂದೇ ಸಮ ಹೊಡೆದಾಟ, ನಡುನಡುವೆ ಕಿಸಿಕಿಸಿ ನಗು.

"ಎರಡೂ ಹೌದ್ರಿ ಕಾಕಾ. ಚೀನಾದ ಹಳೇ ಕಥಿಯೊಳಗ ಸುನ್ ವುಕಾಂಗ್ ಅಂತ ಒಬ್ಬ ವಾನರ ಅದಾನ. ಜಪಾನಿನ ಅಕಿರಾ ತೊರಿಯಾಮ 1984ರಾಗ ಇದರ ಚಿತ್ರಕಥಿ ಬರಿಯಾಕ ಕುಂತಾಗ ಬಾಲ, ಉದ್ದಾಗೋ ಕೋಲು, ಏರಿ ಹೋಗೋ ಮೋಡ ಎಲ್ಲಾ ಅಲ್ಲಿಂದನ ತಂದು ಹೀರೋ ಗೋಕುನ ಮಾಡಿದ್ರು."

ಆ ವಾನರನಿಗೂ ನಮ್ಮ ಹನುಮಪ್ಪನಿಗೂ ನಂಟುಂಟೋ ಇಲ್ಲವೋ ಎಂದು ವಿದ್ವಾಂಸರು ಇನ್ನೂ ಜಗಳಾಡುತ್ತಿದ್ದಾರೆ. ಕಾಕಾಗೆ ಆ ಜಗಳವೇ ಬೇಕಿಲ್ಲ. ಆನೆಗೊಂದಿ ದಿಕ್ಕಿಗೆ ಕೈ ಮಾಡಿ, "ಹನುಮಪ್ಪ ಹುಟ್ಟಿದ ಅಂಜನಾದ್ರಿ ಅಲ್ಲೇ ಐತಿ, ಮತ್ತೇನು ಸಾಕ್ಷಿ ಬೇಕು?" ಅಂದುಬಿಟ್ಟರು. "ಅದು ಬಿಡು. ಆ ಗೋಕುನ ತಲಿ ಯಾಕ ಪೂರಾ ಕಾಣಂಗಿಲ್ಲ? ಕೂದಲು ಮ್ಯಾಲ ಹೋಗಿ ಕಟ್ ಆಗತೈತಿ."

ಕಾಕಾನ ಕಣ್ಣು ಭಾರಿ ಚೂಪು. ಹುಡುಗ ತಂದದ್ದು ಫನಿಮೇಷನ್ ಕಂಪನಿ 2007ರಿಂದ ಹೊರತಂದ ಕಿತ್ತಳೆ ಡಬ್ಬಿಗಳು. ಸರಣಿ ತಯಾರಾದದ್ದು 1989ರಿಂದ 1996ರವರೆಗೆ, ಆಗಿನ ಚೌಕ ಟಿವಿಗೆ, 4:3 ಅಳತೆಯಲ್ಲಿ. ಅಗಲ ಟಿವಿ ಬಂದಾಗ ಪರದೆ ಪೂರ್ತಿ ತುಂಬಲಿ ಅಂತ ಮೇಲೂ ಕೆಳಗೂ ಕತ್ತರಿ ಹಾಕಿದರು. 4:3 ಚಿತ್ರವನ್ನು 16:9ಕ್ಕೆ ಕತ್ತರಿಸಿ ಕೂಡಿಸಿದರೆ ಎತ್ತರದಲ್ಲಿ ಕಾಲು ಭಾಗ ಹೋಗುತ್ತದೆ. ಗೋಕುನ ಅರ್ಧ ಗಮ್ಮತ್ತು ಇರುವುದೇ ಆ ಮುಳ್ಳುಮುಳ್ಳು ಜುಟ್ಟಿನಲ್ಲಿ! ಇನ್ನರ್ಧ, ಒದೆ ತಿಂದವನ ಕಾಲು ಗಾಳಿಯಲ್ಲಿ ಒದ್ದಾಡುವುದರಲ್ಲಿ. ಎರಡೂ ಅಂಚಿನಲ್ಲೇ ಇರುವ ಸಂಗತಿ. ತಮಾಷೆ ನೋಡಿ, ಇದಕ್ಕಿಂತ ಹಿಂದಿನ, ನಗುವೇ ಹೆಚ್ಚಿರುವ ಮೊದಲ 'ಡ್ರ್ಯಾಗನ್ ಬಾಲ್' ಸರಣಿಯನ್ನು ಅದೇ ಕಂಪನಿ ಆಮೇಲೆ 4:3ರಲ್ಲೇ ಇಟ್ಟಿತು.

"ಆದ್ರ ಚಿತ್ರ ಮಾತ್ರ ಥಳಥಳ ಅಂತೈತಲ್ಲೋ?"

"ಅದೇ ನೋಡ್ರಿ ಮತ್ತ. ನಮ್ಮ ಮಿಲ್ಲಿನಾಗ ಪಾಲಿಶ್ ಜಾಸ್ತಿ ಕೊಟ್ರ ಅಕ್ಕಿ ಬೆಳ್ಳಗ ಹೊಳೀತೈತಿ, ಸತ್ವ ಎಲ್ಲಾ ತೌಡಿನ್ಯಾಗ ಹೋಗತೈತಿ. ಇದೂ ಹಂಗ."

ಸರಣಿಯನ್ನು 16 ಎಂಎಂ ಫಿಲ್ಮಿನಲ್ಲಿ ಹಿಡಿದದ್ದು. ಫಿಲ್ಮ್ ಅಂದಮೇಲೆ ಸಣ್ಣಗೆ ಕಣಕಣ ಇರಲೇಬೇಕು. ಅದನ್ನು ಕೊಳೆ ಅಂದುಕೊಂಡು ಕಂಪ್ಯೂಟರಿನಿಂದ ಉಜ್ಜಿದರು. ಉಜ್ಜುವ ಯಂತ್ರಕ್ಕೆ ಕಣ ಯಾವುದು, ಕಲಾವಿದ ಎಳೆದ ಸಣ್ಣ ಗೆರೆ ಯಾವುದು ಗೊತ್ತಾಗುವುದಿಲ್ಲ, ಎರಡನ್ನೂ ನುಂಗುತ್ತದೆ. ಆಮೇಲೆ ಅದೇ ಕಂಪನಿ 2011ರಲ್ಲಿ ಚೌಕಟ್ಟು ಮುಟ್ಟದೆ ಫಿಲ್ಮನ್ನು ಜೋಪಾನವಾಗಿ ಶುದ್ಧಮಾಡಿ ಬ್ಲೂ-ರೇ ತರಲು ಹೊರಟಿತು. ನನ್ನ ಪ್ರಕಾರ ಅದೇ ಸರಿಯಾದ ದಾರಿ. ಆದರೆ ಎರಡು ಡಬ್ಬಿ ಬರುವಷ್ಟರಲ್ಲಿ ಕೆಲಸ ನಿಂತಿತು. ಒಳ್ಳೆಯ ಕೆಲಸಕ್ಕೆ ಖರ್ಚು ಜಾಸ್ತಿ, ಇದು ನಮ್ಮ ಗಂಗಾವತಿಯಲ್ಲೂ ಅಷ್ಟೇ.

"ನಮ್ಮ ಕಾಲದ ವಿಸಿಡಿಗಿಂತ ಇದು ವಾಸಿ ಬಿಡು," ಅಂದರು ಕಾಕಾ.

ಅದೂ ನಿಜ. ವಿಸಿಡಿ ಅಂದರೆ 352 ಅಡ್ಡ, 288 ಉದ್ದ ಚುಕ್ಕೆ, ಅಷ್ಟೇ. ಒಂದು ಡಿಸ್ಕಿನಲ್ಲಿ 74 ನಿಮಿಷ. ಎರಡೂವರೆ ತಾಸಿನ ಸಿನಿಮಾಕ್ಕೆ ಮೂರು ಡಿಸ್ಕ್ ಬಾಡಿಗೆ ತರಬೇಕಿತ್ತು, ಎರಡನೆಯದರ ಮೇಲೆ ಗೀರು ಇದ್ದೇ ಇರುತ್ತಿತ್ತು. ಹಾಸ್ಯ ದೃಶ್ಯಕ್ಕೆ ಅದು ನಡೆಯುತ್ತಿತ್ತು. ಮಾತು ಕೇಳಿಸಿದರೆ ನಗು ಬರುತ್ತದೆ. ಫೈಟಿಂಗ್ ಬಂತೋ, ಕೈಕಾಲು ಜೋರಾಗಿ ಆಡಿದ ಕೂಡಲೇ ಚಿತ್ರವೆಲ್ಲ ಚೌಕಚೌಕ ಒಡೆಯುತ್ತಿತ್ತು. ಹೀರೋ ಹೊಡೆದನೋ ಹೊಡೆಸಿಕೊಂಡನೋ ಸದ್ದಿನ ಮೇಲೆ ತಿಳಿಯಬೇಕು. ಹಾಗಾಗಿ ಡಿಸ್ಕಿನ ಗುಣ ನೋಡಬೇಕೆಂದರೆ ನಾನು ಈಗಲೂ ಸೀದಾ ಹೊಡೆದಾಟಕ್ಕೇ ಹೋಗುತ್ತೇನೆ.

"ಜಪಾನಿನವರು ನಮ್ಮ ರಾಮಾಯಣನೂ ಮಾಡ್ಯಾರಂತಲ್ಲ?"

"ಮಾಡ್ಯಾರ್ರೀ. ಯೂಗೋ ಸಾಕೊ ಅನ್ನೋರು, ನಮ್ಮ ರಾಮ್ ಮೋಹನ್ ಜೋಡಿ ಸೇರಿ. 2025ರ ಜನವರಿಯಾಗ 4ಕೆ ಮಾಡಿ ನಮ್ಮ ದೇಶದ ಥೇಟರಿಗೆ ಬಿಟ್ರು. ಹಿಂದಿ, ತಮಿಳು, ತೆಲುಗು, ಇಂಗ್ಲಿಷ್‌ನ್ಯಾಗ."

"ಕನ್ನಡದಾಗ?"

ನಾನು ಸುಮ್ಮನೆ ಗೋಡೆಯ ಸುಣ್ಣ ಕೆರೆದೆ.

"ಕಿಷ್ಕಿಂಧೆ ನಮ್ಮ ತಾಲೂಕಿನ್ಯಾಗ, ಮಾತು ತೆಲುಗಿನ್ಯಾಗ! ಛಲೋ ಆತು ಬಿಡು," ಎಂದು ಕಾಕಾ ಲುಂಗಿ ಮೇಲೆತ್ತಿ ಒಳಗೆ ನಡೆದರು. ಐದು ನಿಮಿಷದಲ್ಲಿ ಟಿವಿಯ ಇಂಗ್ಲಿಷ್ ಸದ್ದು ನಿಂತಿತು. ಅದರ ಜಾಗದಲ್ಲಿ ಕಂಪನಿ ನಾಟಕದ ಖಳನಾಯಕನ ಗತ್ತಿನಲ್ಲಿ ಕಾಕಾನ ದನಿ: "ಯಲಾ ಮಗನ, ನಿಲ್ಲಲೇ ಅಲ್ಲೇ! ನಾ ಗಂಗಾವತಿ ಗೋಕಪ್ಪ!" ಮೊಮ್ಮಗ ಬಿದ್ದು ಬಿದ್ದು ನಗುತ್ತಿದ್ದ. ಕಾಕು ಒಳಗಿನಿಂದ, "ಊಟ ಆರಾಕತ್ತೈತಿ, ಬರ್ರಿ ಇಬ್ರೂ" ಎಂದು ಕೂಗಿದರೆ, ಅದಕ್ಕೂ ಗೋಕಪ್ಪನೇ ಉತ್ತರ ಕೊಟ್ಟ.